ಕಿತ್ತಳೆ ಬಣ್ಣದ ಮಣ್ಣು

ಬಸ್ ನಿಲ್ದಾಣದ ಎದುರಿನ ಉದ್ದನೆಯ ಗೋಡೆಗೆ ಅಂಗಡಿಯ ಬಣ್ಣ ಬೇಡ, ಊರಿನ ಮಣ್ಣನ್ನೇ ಬಳಿಯೋಣ ಎಂದು ಚಿತ್ರದ ಮೇಡಂ ಹೇಳಿದಾಗ ಮೊದಲು ನಕ್ಕವಳು ಗಾರೆಯಕ್ಕನೇ. ಇಪ್ಪತ್ತು ವರ್ಷ ಕರಣೆ ಹಿಡಿದು ಗಾರೆ ಮಾಡಿದ ಕೈ ಅವಳದು. ಮಣ್ಣಿನ ಗೋಡೆಗೆ ಸಿಮೆಂಟು ಬಳಿದುಕೊಡು ಎಂದು ಕರೆಯುವವರನ್ನು ಬೇಕಾದಷ್ಟು ಕಂಡಿದ್ದಳು. ಸಿಮೆಂಟಿನ ಗೋಡೆಗೆ ಮಣ್ಣು ಬಳಿ ಎಂದವರು ಇವರೇ ಮೊದಲು.

"ಮೇಡಂ, ಒಂದು ಜೋರು ಮಳೆ ಬಂದ್ರೆ ನಿಮ್ಮ ಚಿತ್ರ ಚರಂಡಿ ಪಾಲು," ಅಂದಳು.

"ಮೇಲೆ ಪುರಸಭೆಯವರು ಶೀಟ್ ಹಾಕಿಸ್ತಾರೆ. ಇನ್ನು ಉದುರದ ಹಾಗೆ ಕಲಸೋದು ನಿಮಗೆ ಬಿಟ್ಟಿದ್ದು," ಅಂದರು ಮೇಡಂ. "ನನಗೆ ಬರೆಯೋಕೆ ಬರುತ್ತೆ, ಕಲಸೋಕೆ ಬರಲ್ಲ."

ಅಷ್ಟು ಓದಿದವರು 'ಬರಲ್ಲ' ಎಂದು ಬಾಯಿಬಿಟ್ಟು ಹೇಳಿದ್ದನ್ನು ಗಾರೆಯಕ್ಕ ತನ್ನ ಜನ್ಮದಲ್ಲಿ ಕೇಳಿರಲಿಲ್ಲ. ಮರುದಿನ ಬೆಳಿಗ್ಗೆಯೇ ಜರಡಿ, ಬಾಂಡ್ಲಿ, ಕರಣೆ ಹೊತ್ತುಕೊಂಡು ಗೋಡೆಯ ಬುಡಕ್ಕೆ ಬಂದಳು.

ನಿಲ್ದಾಣದ ಸುತ್ತ ಕಟ್ಟಡಗಳು ಏಳದೇ ಇದ್ದಿದ್ದರೆ ಅಲ್ಲಿ ನಿಂತವರಿಗೆ ಏನು ಕಾಣುತ್ತಿತ್ತೋ ಅದನ್ನೇ ಬರೆಯುವುದೆಂದು ಮೇಡಂ ಯೋಚಿಸಿದ್ದರು. ಎಡಕ್ಕೆ ನದಿಯ ತಿರುವು, ನಡುವೆ ಹೊಲಗಳು, ಬಲಕ್ಕೆ ಬೆನ್ನು ಬಾಗಿಸಿ ಮಲಗಿದ ಗುಡ್ಡ. ಬೀದಿಗೊಂದು ಮನೆಯವರು ತಮ್ಮ ಅಂಗಳದ್ದೋ ಹಿತ್ತಲಿನದ್ದೋ ಒಂದು ಡಬ್ಬಿ ಮಣ್ಣು ತಂದುಕೊಡಬೇಕು. ಯಾವುದು ಹೆಚ್ಚು ಬೇಕೋ ಅದನ್ನು ಆಮೇಲೆ ಚೀಲದಲ್ಲಿ ತರಿಸಿಕೊಳ್ಳುವುದು. ಬಿಸ್ಕತ್ತಿನ ಡಬ್ಬಿ, ಹಾಲಿನ ಪುಡಿ ಡಬ್ಬಿ, ಮುಚ್ಚಳ ಕಳೆದ ಜಾಡಿ ಎಂದು ವಾರದೊಳಗೆ ಅರವತ್ತಮೂರು ಬಂದು ಕುಳಿತವು. ಮೇಡಂ ಒಂದೊಂದಕ್ಕೂ ನಂಬರು ಬರೆದರು. ಒಂದೇ ಊರಿನ ಮಣ್ಣಿಗೆ ಇಷ್ಟು ಬಣ್ಣ ಇರಬಹುದೆಂದು ಯಾರೂ ಎಣಿಸಿರಲಿಲ್ಲ. ನದಿ ದಡದವರದ್ದು ಬೂದಿ, ರೈಲು ಹಳಿಯ ಆಚೆಯವರದ್ದು ಕಪ್ಪು, ಗುಡ್ಡದ ಕಡೆಯದ್ದು ಇಟ್ಟಿಗೆ ಕೆಂಪು, ಆಸ್ಪತ್ರೆಯ ಹಿಂಭಾಗದ್ದು ಹಾಲು ಹೆಚ್ಚಾದ ಚಹಾದ ಬಣ್ಣ. ತಮ್ಮ ಮಣ್ಣು ಯಾವ ಮೂಲೆಗೆ ಹೋಯಿತೆಂದು ನೋಡಲು ಜನ ಬಸ್ಸು ತಪ್ಪಿಸಿಕೊಂಡು ನಿಲ್ಲುತ್ತಿದ್ದರು.

"ನಮ್ಮದು ನದಿಗೆ ಹೋಯ್ತು ನೋಡಿ!"

"ನದಿಗಲ್ಲ, ನದೀಲಿ ಬಿದ್ಕೊಂಡಿರೋ ಎಮ್ಮೆಗೆ. ಕಣ್ಣು ಬಿಟ್ಟು ನೋಡಿ."

ನಲವತ್ತೊಂದನೆಯ ಡಬ್ಬಿಯ ಮಣ್ಣನ್ನು ಜರಡಿ ಹಿಡಿದ ದಿನ ಮಾತ್ರ ಈ ಕೀಟಲೆ ಗಕ್ಕನೆ ನಿಂತಿತು. ಮಾಗಿದ ಕಿತ್ತಳೆ ಹಣ್ಣಿನ ಸಿಪ್ಪೆಯಂಥ ಬಣ್ಣ. ಬಿಸಿಲಿಗೆ ಹಿಡಿದರೆ ಕಣ್ಣಿಗೆ ಹೊಡೆಯುವಂತಿತ್ತು. ಮೇಡಂ ಆ ಮಣ್ಣಿನ ಮುಂದೆ ಮಂಡಿಯೂರಿ ಕುಳಿತೇಬಿಟ್ಟರು.

"ಇದು ಯಾರ ಮನೇದು?"

"ನಮ್ಮದೇ ಮೇಡಂ. ನಮ್ಮ ಬೀದೀಲಿ ಎಲ್ಲಿ ಗೇಣು ಅಗೆದ್ರೂ ಇದೇ ಬರೋದು," ಅಂದಳು ಗಾರೆಯಕ್ಕ. ಚಿಕ್ಕಂದಿನಿಂದ ನೋಡಿದ್ದ ಮಣ್ಣು. ಅದರಲ್ಲಿ ಏನೋ ವಿಶೇಷವಿದೆಯೆಂದು ಅವಳಿಗೆ ಅನ್ನಿಸಿರಲೇ ಇಲ್ಲ. ಈಗ ಎಲ್ಲರೂ ಬಾಯಿ ತೆರೆದು ನೋಡುವುದನ್ನು ಕಂಡು ಅವಳಿಗೆ ಒಳಗೊಳಗೇ ಹಿಗ್ಗು. ಮರಳು ಎಷ್ಟಿದೆ ನೋಡಲು, ಯಾವ ಮಣ್ಣಿಗೂ ಮಾಡುವಂತೆ, ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲಿಟ್ಟುಕೊಂಡಳು. "ನುಣ್ಣಗಿದೆ. ಸಿಹಿಯಾಗೂ ಇದೆ," ಎಂದು ನಕ್ಕು ಉಗುಳಿದಳು.

ಮನೆಗೆ ಹೋಗಿ ಹೇಳಿದಾಗ ಅಪ್ಪನ ಖುಷಿಗೆ ಪಾರವಿರಲಿಲ್ಲ. ಅಪ್ಪ ಮೂವತ್ತೈದು ವರ್ಷ ಲಾರಿ ಓಡಿಸಿದವನು. ಈಗ ಎಪ್ಪತ್ತನಾಲ್ಕು. ಊರಿಗೆಲ್ಲ ಅವನು ಲಾರಿಯಜ್ಜ. ಅವರ ಬೀದಿ ಒಂದು ಕಾಲಕ್ಕೆ ಮೊಣಕಾಲುದ್ದ ಕೆಸರಿನ ಜೌಗು. ಮಳೆ ಬಂದರೆ ಮಂಚದ ಕಾಲಿಗೆ ನೀರು. ಅದಕ್ಕೆ ಲೋಡುಗಟ್ಟಲೆ ಮಣ್ಣು ತಂದು ಸುರಿದು, ಎತ್ತರಿಸಿ, ಗಟ್ಟಿ ನೆಲ ಮಾಡಿಕೊಟ್ಟವನು ಅವನೇ. ಆ ಉಪಕಾರವನ್ನು ಬೀದಿಯ ಹಿರಿಯರು ಇವತ್ತಿಗೂ ನೆನೆಯುತ್ತಿದ್ದರು. ಯಾರ ಮನೆಯ ಮದುವೆಯಾದರೂ ಮೊದಲ ಕರೆ ಲಾರಿಯಜ್ಜನಿಗೆ.

"ನೋಡಿದ್ಯಾ ಪುಟ್ಟಿ, ತಾತ ತಂದ ಮಣ್ಣು ಗೋಡೆ ಮೇಲೆ ಹತ್ತುತ್ತೆ!" ಎಂದು ಮೊಮ್ಮಗಳನ್ನು ಎತ್ತಿ ಕುಣಿಸಿದ. ಗಾರೆಯಕ್ಕನ ಮಗಳು ಪುಟ್ಟಿಗೆ ಆಗ ಒಂಬತ್ತು. ಗಂಡ ದೂರದ ಬಂದರಿನಲ್ಲಿ ಕ್ರೇನು ಓಡಿಸುತ್ತಿದ್ದ, ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದ. ಹೀಗಾಗಿ ಮನೆಯಲ್ಲಿ ಇದ್ದವರು ಈ ಮೂವರೇ.

ಕಿತ್ತಳೆ ಮಣ್ಣನ್ನು ಗುಡ್ಡದ ತಪ್ಪಲಿಗೆ ಬಳಿದರು. ಅದು ಗೋಡೆಯ ಕೆಳಭಾಗ, ಮಕ್ಕಳ ಕೈಗೆ ಸಿಗುವ ಎತ್ತರ. ಮೇಡಂ ಶಾಲೆಯ ಮಕ್ಕಳನ್ನು ಕರೆಸಿದರು. ನೂರಕ್ಕೂ ಹೆಚ್ಚು ಮಕ್ಕಳು ಬಾಂಡ್ಲಿಗೆ ಕೈ ಅದ್ದಿ, ಹಸಿ ಗಾರೆಯ ಮೇಲೆ ಅಂಗೈ ಒತ್ತಿ, ತಪ್ಪಲಿನ ತುಂಬ ಎಲೆಗಳಂತೆ ಗುರುತು ಮೂಡಿಸಿದರು. ಪುಟ್ಟಿ ಎರಡು ಸಲ ಸಾಲಿನಲ್ಲಿ ನಿಂತು ಎರಡು ಅಂಗೈ ಒತ್ತಿದಳು. ಕೆಲಸ ಮುಗಿದ ಮೇಲೆ ಅದೇ ಕೈಯಲ್ಲಿ ಬಿಸ್ಕತ್ತು ತಿಂದವರೆಷ್ಟೋ.

ಗೋಡೆಯ ಪಕ್ಕ ಒಂದು ಫಲಕ ಹಾಕಿ, ಯಾವ ಮಣ್ಣಿನಲ್ಲಿ ಜೇಡಿ ಎಷ್ಟು, ಕಬ್ಬಿಣ ಎಷ್ಟು ಎಂದು ಬರೆದರೆ ಮಕ್ಕಳಿಗೆ ಪಾಠವಾಗುತ್ತದೆ ಎಂಬುದು ಮೇಡಂ ಆಸೆ. ಅದಕ್ಕೆಂದು ಅರವತ್ತಮೂರು ಪೊಟ್ಟಣ ಕಟ್ಟಿ ಮಣ್ಣು ಪರೀಕ್ಷೆಯ ಲ್ಯಾಬಿಗೆ ಕಳಿಸಿದ್ದರು. ಗಾರೆಯಕ್ಕ ಅದನ್ನು ಮರೆತೇಬಿಟ್ಟಿದ್ದಳು.

ಗೋಡೆಚಿತ್ರದ ಉದ್ಘಾಟನೆಗೆ ಇನ್ನು ಎಂಟು ದಿನ ಇದ್ದಾಗ, ಮಧ್ಯಾಹ್ನದ ಹೊತ್ತಿಗೆ, ಲ್ಯಾಬಿನವರು ಸ್ಕೂಟರಿನಲ್ಲಿ ತಾವೇ ಬಂದರು. ಕನ್ನಡಕದ, ಸಣ್ಣಗಿನ ಮನುಷ್ಯ. ಕಂಕುಳಲ್ಲಿ ಒಂದು ಫೈಲು. ಗೋಡೆಯ ಹತ್ತಿರ ಬರಲಿಲ್ಲ. ನಾಲ್ಕು ಮಾರು ದೂರದಲ್ಲೇ, ಸುಡುವ ಬಿಸಿಲಿನಲ್ಲಿ ನಿಂತರು.

"ನೆರಳಿಗೆ ಬನ್ನಿ ಸಾರ್," ಅಂದಳು ಗಾರೆಯಕ್ಕ.

"ನಲವತ್ತೊಂದು ಯಾರದ್ದಮ್ಮ?"

"ನಮ್ಮದೇ!" ಅಂದಳು. ಎಲ್ಲರೂ ಹೊಗಳಿದ ಮಣ್ಣು. ಇವರೂ ಹೊಗಳಲು ಬಂದಿರಬೇಕು ಅಂದುಕೊಂಡಳು.

ಅವರು ಅವಳ ಕೈ ನೋಡಿದರು. ಮೊಣಕೈವರೆಗೂ ಕಿತ್ತಳೆ ಬಣ್ಣ. ಆಮೇಲೆ ಗೋಡೆಯ ಮೇಲಿನ ಪುಟ್ಟ ಪುಟ್ಟ ಅಂಗೈಗಳನ್ನು ನೋಡಿದರು.

"ಕೈ ತೊಳ್ಕೊಳ್ಳಿ. ಈಗಲೇ. ಸೋಪು ಹಾಕಿ, ಉಗುರು ಸಂದಿ ಬಿಡಬೇಡಿ. ಆಮೇಲೆ ಮಾತಾಡೋಣ."

ಅವರ ದನಿಯಲ್ಲಿ ಏನಿತ್ತೋ, ಗಾರೆಯಕ್ಕ ಎದುರು ಮಾತಾಡದೆ ನಲ್ಲಿಯ ಬಳಿಗೆ ಹೋದಳು. ಬರುವಷ್ಟರಲ್ಲಿ ಮೇಡಂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕಲ್ಲಿನಂತೆ ನಿಂತಿದ್ದರು.

"ಇದು ಮಣ್ಣಲ್ಲಮ್ಮ," ಅಂದರು ಲ್ಯಾಬಿನವರು. "ಅಂದ್ರೆ, ಬರೀ ಮಣ್ಣಲ್ಲ. ಇದರಲ್ಲಿ ಸೀಸ ಇದೆ. ಮೆಷಿನ್ನೇ ಕೆಟ್ಟಿದೆ ಅಂದ್ಕೊಂಡು ಮೂರು ಸಲ ಪರೀಕ್ಷೆ ಮಾಡಿದೆ. ಮಕ್ಕಳು ಆಡೋ ಜಾಗದಲ್ಲಿ ಇಷ್ಟಕ್ಕಿಂತ ಜಾಸ್ತಿ ಇರಬಾರದು ಅಂತ ಒಂದು ಮಿತಿ ಇದೆ. ಅದರ ನಲವತ್ತು ಪಟ್ಟು ಇದೆ ಇದರಲ್ಲಿ."

"ಸೀಸ ಅಂದ್ರೆ… ಪೆನ್ಸಿಲ್ಲಲ್ಲಿ ಇರುತ್ತಲ್ಲ, ಅದಾ?"

"ಅದಕ್ಕೆ ಹೆಸರು ಮಾತ್ರ ಸೀಸದ ಕಡ್ಡಿ. ಇದು ನಿಜವಾದ್ದು. ಹಳೇ ಕಾಲದ ಬಣ್ಣಗಳಿಗೆ ಹಾಕ್ತಿದ್ರು. ಒಳಗೆ ಹೋದ್ರೆ ಬೇಗ ಹೊರಗೆ ಬರಲ್ಲ, ಮೂಳೇಲಿ ಕೂತ್ಕೊಳ್ಳುತ್ತೆ. ದೊಡ್ಡೋರು ಹೇಗೋ ತಡ್ಕೋತಾರೆ. ಮಕ್ಕಳಿಗೇ ಕಷ್ಟ."

"ಏನಾಗುತ್ತೆ ಮಕ್ಕಳಿಗೆ?"

"ಹೊಟ್ಟೆನೋವು. ರಕ್ತ ಕಮ್ಮಿ ಆಗೋದು. ಊಟ ಸೇರಲ್ಲ. ಓದಿದ್ದು ತಲೇಲಿ ನಿಲ್ಲಲ್ಲ, ಒಂದು ಕಡೆ ಗಮನ ಇಡೋಕಾಗಲ್ಲ, ಸುಮ್ಮಸುಮ್ಮನೆ ಸಿಟ್ಟು…"

ಮುಂದಿನದು ಗಾರೆಯಕ್ಕನ ಕಿವಿಗೆ ಬೀಳಲಿಲ್ಲ. ಅವರು ಯಾವುದೋ ಪಟ್ಟಿ ಓದುತ್ತಿರಲಿಲ್ಲ. ಅವಳ ಮನೆಯೊಳಗೆ ಕುಳಿತು ಪುಟ್ಟಿಯನ್ನು ನೋಡಿಕೊಂಡು ಹೇಳುತ್ತಿದ್ದಂತಿತ್ತು. ಎರಡು ವರ್ಷದಿಂದ ಹೊಟ್ಟೆನೋವೆಂದು ಹುಡುಗಿ ಮುದುಡಿಕೊಂಡು ಮಲಗುತ್ತಿದ್ದಳು. ಜಂತುಹುಳದ ಔಷಧಿ ಕುಡಿಸಿದ್ದಾಯಿತು, ಶಾಲೆ ತಪ್ಪಿಸುವ ನಾಟಕ ಎಂದು ಬೈದದ್ದಾಯಿತು. ನಿಮ್ಮ ಮಗಳು ಕಿಟಕಿ ನೋಡ್ತಾ ಕೂತಿರ್ತಾಳೆ ಎಂದು ಟೀಚರು ಬರೆದು ಕಳಿಸಿದ್ದರು. ಹೋದ ವಾರವಷ್ಟೇ ಏಳರ ಮಗ್ಗಿ ತಪ್ಪಿದ್ದಕ್ಕೆ ಗಾರೆಯಕ್ಕ ಅವಳ ಕಿವಿ ಹಿಂಡಿದ್ದಳು, ಕೆಂಪಗಾಗುವವರೆಗೆ. "ತಲೇಲಿ ಏನು ಮಣ್ಣು ತುಂಬಿದೆಯಾ?" ಎಂದು ಕೂಗಿದ್ದಳು.

ಚಪ್ಪಲಿ ಹಾಕಿಕೊಳ್ಳಬೇಕೆಂಬುದೂ ಹೊಳೆಯದೆ ಅವಳು ಮನೆಯ ಕಡೆಗೆ ಓಡಿದಳು.

ಹಿತ್ತಲಿನಲ್ಲಿ ಅಪ್ಪ ಸೊಪ್ಪು ಕೀಳುತ್ತಿದ್ದ. ಆ ಸೊಪ್ಪಿನ ಮಡಿ ಅವನ ಹೆಮ್ಮೆ. ದಿನಾ ಒಂದು ಹಿಡಿ ಬೇಯಿಸಿ ಮೊಮ್ಮಗಳಿಗೆ ತಿನ್ನಿಸಿದರೆ ರಕ್ತ ಹೆಚ್ಚುತ್ತದೆ ಎಂಬುದು ಅವನ ನಂಬಿಕೆ. ಹೊಟ್ಟೆನೋವೆಂದು ಶಾಲೆಗೆ ಹೋಗದೆ ಉಳಿದಿದ್ದ ಪುಟ್ಟಿ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕುಳಿತು ಒದ್ದೆ ಮಣ್ಣಿನ ಉಂಡೆ ಕಟ್ಟಿ ಸಾಲಾಗಿ ಇಡುತ್ತಿದ್ದಳು.

"ಬಿಡು! ಬಿಡು ಅದನ್ನ!"

ಗಾರೆಯಕ್ಕ ಕಿರುಚಿದ ರಭಸಕ್ಕೆ ಪುಟ್ಟಿ ಬೆಚ್ಚಿ ಹಿಂದಕ್ಕೆ ಬಿದ್ದಳು. ತಾಯಿ ಅವಳನ್ನು ರಟ್ಟೆ ಹಿಡಿದು ಎತ್ತಿ, ಬಚ್ಚಲಿಗೆ ಎಳೆದುಕೊಂಡು ಹೋಗಿ, ಉಟ್ಟ ಬಟ್ಟೆಯ ಮೇಲೆಯೇ ನೀರು ಸುರಿದು ತಿಕ್ಕತೊಡಗಿದಳು. ಮಗು ಹೋ ಎಂದು ಅಳುತ್ತಿತ್ತು.

"ಏನಾಯ್ತೇ? ಮೈಮೇಲೆ ಏನಾದ್ರೂ ಬಂತಾ ನಿಂಗೆ?" ಎಂದು ಅಪ್ಪ ಸೊಪ್ಪಿನ ಕಟ್ಟು ಹಿಡಿದುಕೊಂಡೇ ಬಂದ.

"ಅದನ್ನ ಎಸಿ ಅಪ್ಪ. ಕೈ ತೊಳಿ. ಮೊದಲು ಇದು ಹೇಳು, ಈ ಮಣ್ಣು ಎಲ್ಲಿಂದ ತಂದಿದ್ದು ನೀನು?"

"ಯಾವ ಮಣ್ಣು?"

"ಈ ಬೀದಿಗೆ ಸುರಿದ್ಯಲ್ಲ, ಅದು. ಗುಡ್ಡದಿಂದ ತಾನೇ? ನಾನು ಚಿಕ್ಕೋಳಿದ್ದಾಗ ಗುಡ್ಡದಿಂದ ಅಂತ ನೀನೇ ಹೇಳ್ತಿದ್ದೆ."

ಅಪ್ಪ ಸೊಪ್ಪಿನ ಕಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡ. ಅಪ್ಪ ಯಾವತ್ತೂ ಮಾತಿಗೆ ತಡವರಿಸಿದವನಲ್ಲ.

"ಗುಡ್ಡದಿಂದಲೂ ಸ್ವಲ್ಪ ತಂದಿದ್ದೆ," ಅಂದ. "ಬಾಕಿದು ಬಣ್ಣದ ಕಾರ್ಖಾನೆದು."

ಬಣ್ಣದ ಕಾರ್ಖಾನೆ ಮುಚ್ಚಿ ಇಪ್ಪತ್ತೈದು ವರ್ಷಗಳಾಗಿದ್ದವು. ಅಪ್ಪನ ಲಾರಿ ಓಡುತ್ತಿದ್ದುದು ಅಲ್ಲಿಗೇ. ಕಾರ್ಖಾನೆಯ ಹಿಂದೆ ದೊಡ್ಡ ಗುಂಡಿಯಿತ್ತಂತೆ. ತೊಳೆದ ನೀರು, ಕೆಟ್ಟುಹೋದ ಬಣ್ಣ, ಕೆಸರು ಎಲ್ಲ ಅದಕ್ಕೇ ಬೀಳುತ್ತಿತ್ತು. ಅದು ಒಣಗಿ ತುಂಬಿದಾಗ ಅಗೆದು ದೂರ ಸಾಗಿಸಬೇಕು. ಎಲ್ಲಿ ಬೇಕಾದರೂ ಸುರಿ, ಇಲ್ಲಿಂದ ಹೋದರೆ ಸಾಕು ಅಂದಿದ್ದರು.

"ಅಷ್ಟೇನಾ ಅಂದಿದ್ದು? ಬೇರೆ ಏನೂ ಹೇಳಿರ್ಲಿಲ್ವಾ ಅವ್ರು?"

ಅಪ್ಪ ನೆಲ ನೋಡಿದ. ಸೊಪ್ಪಿನ ಕಟ್ಟಿನಿಂದ ಮಣ್ಣಿನ ಕಿತ್ತಳೆ ನೀರು ತೊಟ್ಟಿಕ್ಕುತ್ತಿತ್ತು.

"ಹೊಲಕ್ಕೆ ಹಾಕಬೇಡ ಅಂದಿದ್ರು," ಅಂದ.

ಗಾರೆಯಕ್ಕ ಮಗಳ ಮೈ ತಿಕ್ಕುವುದನ್ನು ನಿಲ್ಲಿಸಿದಳು.

"ಹೊಲಕ್ಕೆ ಹಾಕಿಲ್ಲ ಕಣಮ್ಮ ನಾನು. ಒಂದು ಲೋಡೂ ಹಾಕಿಲ್ಲ. ಮನೆ ಹತ್ರ ಹಾಕಬೇಡ ಅಂತ ಯಾರೂ ಹೇಳಿರ್ಲಿಲ್ಲ."

ಅವಳು ಒದ್ದೆ ಬಚ್ಚಲಿನಲ್ಲೇ ಕುಸಿದು ಕುಳಿತಳು. ಅವನು ಸುಳ್ಳು ಹೇಳುತ್ತಿಲ್ಲವೆಂದು ಗೊತ್ತಿತ್ತು. ಅದೇ ಅವಳಿಗೆ ಹೆಚ್ಚು ದಿಗಿಲು ಹುಟ್ಟಿಸಿತು. ಮೂವತ್ತು ವರ್ಷ ಆ ಮಾತನ್ನು ಇವನು ಒಮ್ಮೆಯಾದರೂ ಮಗುಚಿ ನೋಡಿರಲಿಲ್ಲವೇ? ಬೆಳೆಗೆ ಆಗದ್ದು ಮನುಷ್ಯರಿಗೆ ಆದೀತೇ ಎಂದು ಕೇಳಿಕೊಂಡಿರಲಿಲ್ಲವೇ? ಅದೇ ಮಣ್ಣಿನಲ್ಲಿ ಮಡಿ ಮಾಡಿ ಸೊಪ್ಪು ಬೆಳೆದು, ತುತ್ತು ಕಟ್ಟಿ ಬಾಯಿಗಿಟ್ಟಿದ್ದನಲ್ಲ!

ಪುಟ್ಟಿಯ ರಕ್ತಪರೀಕ್ಷೆಯ ವರದಿ ಮೂರನೇ ದಿನ ಬಂತು. ಡಾಕ್ಟರಮ್ಮ ಕಾಗದವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಜಾಸ್ತಿ ಇದೆ. ಪ್ರಾಣಕ್ಕೆ ಅಪಾಯ ಅನ್ನೋ ಮಟ್ಟದಲ್ಲಿಲ್ಲ, ಅದಕ್ಕೆ ಹೆದರಬೇಡಿ. ಇವತ್ತಿಂದಲೇ ಆ ಮನೆ ಬಿಡಿಸಿ. ಹಾಲು ಕೊಡಿ, ಕಬ್ಬಿಣದ ಮಾತ್ರೆ ಬರೆದಿದೀನಿ. ನಿಧಾನಕ್ಕೆ ಇಳಿಯುತ್ತೆ."

"ಓದು? ಓದಿದ್ದು ಮತ್ತೆ ತಲೇಲಿ ನಿಲ್ಲುತ್ತಾ?"

ಡಾಕ್ಟರಮ್ಮ ಮೆಲ್ಲಗೆ ಹೇಳಿದರು, "ಸುಧಾರಿಸಬಹುದು. ಎಷ್ಟು ಅಂತ ನಾನು ಮಾತು ಕೊಡಲ್ಲ. ಆದ್ರೆ ಇನ್ನು ಮೇಲೆ ಅವಳನ್ನ ದಡ್ಡಿ ಅಂತ ಬೈಬೇಡಿ."

ಹೊರಗೆ ಬಂದು ಗಾರೆಯಕ್ಕ ಮಗಳ ಕಿವಿಯನ್ನು ಸುಮ್ಮನೆ ಮುಟ್ಟಿದಳು. ಅಮ್ಮ ಹಿಂಡಲು ಬಂದಳೆಂದು ತಿಳಿದು ಪುಟ್ಟಿ ತಲೆಯನ್ನು ಸರ್ರನೆ ಪಕ್ಕಕ್ಕೆ ಎಳೆದುಕೊಂಡಳು. ಅಷ್ಟಕ್ಕೇ ಗಾರೆಯಕ್ಕನ ಕಣ್ಣು ತುಂಬಿತು.

ಮೇಡಂ ತಮ್ಮ ಬಾಡಿಗೆಯ ಮಾಳಿಗೆ ಕೋಣೆಯನ್ನು ತಾಯಿ ಮಗಳಿಗೆ ಬಿಟ್ಟುಕೊಟ್ಟು ತಾವು ಗೆಳತಿಯ ಮನೆಗೆ ಹೋದರು. "ನಾನೇ ಕರೆದು ಆ ಮಕ್ಕಳ ಕೈ ಅದ್ದಿಸಿದೆನಲ್ಲ," ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಒಂದು ದಿನದ ಕೆಲಸಕ್ಕೆ ಅಷ್ಟೇನೂ ಆಗುವುದಿಲ್ಲ, ಕೈ ತೊಳೆದ ಮಕ್ಕಳಿಗೆ ಭಯವಿಲ್ಲ, ಆ ಬೀದಿಯಲ್ಲಿ ದಿನಾ ಆಡುವ ಮಕ್ಕಳದ್ದೇ ಚಿಂತೆ ಎಂದು ಲ್ಯಾಬಿನವರು ಎಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ.

ಪುರಸಭೆಯ ಎಂಜಿನಿಯರು ಬಂದದ್ದು ಬೇರೆಯೇ ಲೆಕ್ಕಾಚಾರದಲ್ಲಿ.

"ಗೋಡೆ ಒಡೆಯೋದು ಬೇಡ. ಮೇಲೆ ಒಂದು ವಾರ್ನಿಷ್ ಹೊಡೆದುಬಿಡೋಣ. ಯಾರೂ ಮುಟ್ಟಲ್ಲ, ಧೂಳೂ ಏಳಲ್ಲ. ಉದ್ಘಾಟನೆ ಮುಗೀಲಿ, ಆಮೇಲೆ ನೋಡ್ಕೊಂಡ್ರಾಯ್ತು. ಊರೆಲ್ಲ ಗಾಬರಿ ಬೀಳಿಸಿ ಏನು ಪ್ರಯೋಜನ?"

"ಸಾರ್, ಗೋಡೇದು ಬಿಡಿ. ಬೀದಿಗೆ ವಾರ್ನಿಷ್ ಹೊಡೀತೀರಾ?" ಅಂದಳು ಗಾರೆಯಕ್ಕ.



ಆ ಭಾನುವಾರ ಬೆಳಿಗ್ಗೆ ಶಾಲೆಯ ಸಭಾಂಗಣದಲ್ಲಿ ಬೀದಿಯವರನ್ನೆಲ್ಲ ಸೇರಿಸಿದರು. ನಲವತ್ತು ಮನೆಯವರೂ ಬಂದರು. ಲ್ಯಾಬಿನವರು ಆದಷ್ಟು ಸರಳವಾಗಿ ವಿವರಿಸಿದರು. ಮೊದಲು ಯಾರೂ ನಂಬಲಿಲ್ಲ. "ನಮ್ಮಜ್ಜಿ ಅದೇ ನೆಲದ ಮೇಲೆ ಓಡಾಡ್ಕೊಂಡು ತೊಂಬತ್ತರವರೆಗೂ ಬದುಕಿದ್ಲಪ್ಪ," ಎಂದು ಒಬ್ಬರು ನಕ್ಕರು ಕೂಡ. ಪುಟ್ಟಿಯ ವರದಿಯನ್ನು ಗಾರೆಯಕ್ಕ ಎದ್ದು ನಿಂತು ಓದಿದಾಗ ನಗು ನಿಂತಿತು. ತಾಯಂದಿರು ಪಕ್ಕದಲ್ಲಿದ್ದ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು.

"ಇದನ್ನ ತಂದು ಹಾಕಿದ್ದು ಯಾರು?" ಎಂದು ಬೀದಿಗೆ ಹೊಸದಾಗಿ ಬಂದಿದ್ದ ಒಬ್ಬ ಕೇಳಿದ.

ಹಿರಿಯರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೇ ಯಾರೂ ಲಾರಿಯಜ್ಜನ ಕಡೆ ನೋಡಲಿಲ್ಲ. ಕೊನೆಯ ಬೆಂಚಿನಿಂದ ಅವನು ತಾನೇ ಎದ್ದ.

"ನಾನು," ಅಂದ. "ಬಣ್ಣದ ಕಾರ್ಖಾನೆ ಗುಂಡೀದು. ಹೊಲಕ್ಕೆ ಹಾಕಬೇಡ ಅಂತ ಹೇಳಿದ್ರು. ನಾನು ಇಲ್ಲಿ ತಂದು ಹಾಕಿದೆ. ಕೆಸರು ಹೋಗುತ್ತಲ್ಲ ಅಂತ… ಒಳ್ಳೇದಾಗುತ್ತೆ ಅಂತ ಹಾಕಿದೆ."

ಆಗ ಪಕ್ಕದ ಮನೆಯ ಟೈಲರಮ್ಮ ಎದ್ದಳು. ಮೂವತ್ತು ವರ್ಷದ ನೆರೆ. ಲಾರಿಯಜ್ಜನನ್ನು ಅಣ್ಣ ಎಂದೇ ಕರೆದವಳು. ಅವಳ ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು.

"ಅಣ್ಣ, ನನಗೆ ಎರಡು ಸಲ ಹೊಟ್ಟೇಲೇ ಹೋಯ್ತಲ್ಲ. ಒಂದು ಐದು ತಿಂಗಳಿಗೆ, ಒಂದು ಏಳಕ್ಕೆ. ಅದು ಇದರಿಂದಾನಾ?"

ಲಾರಿಯಜ್ಜ ಲ್ಯಾಬಿನವರ ಕಡೆ ತಿರುಗಿದ. ಇಲ್ಲ ಎಂದು ಅವರು ಹೇಳಲಿ ಎಂಬ ಆಸೆ ಅವನ ಮುಖದಲ್ಲಿ ಅಷ್ಟು ನಿಚ್ಚಳವಾಗಿತ್ತು. ಗಾರೆಯಕ್ಕ ನೋಡಲಾರದೆ ತಲೆ ತಗ್ಗಿಸಿದಳು.

"ಆಗಿದ್ರೂ ಆಗಿರಬಹುದು, ಇಲ್ದೇನೂ ಇರಬಹುದು," ಅಂದರು ಲ್ಯಾಬಿನವರು. "ಈಗ ಹೇಳೋಕೆ ಯಾರಿಂದಲೂ ಆಗಲ್ಲಮ್ಮ."

ಟೈಲರಮ್ಮ ಬೈಯಲಿಲ್ಲ, ಅಳಲಿಲ್ಲ. ಬಂದು ಲಾರಿಯಜ್ಜನ ಎದುರು ನಿಂತು, ಅವನ ಮುಖವನ್ನು ಹೊಸಬರನ್ನು ನೋಡಿದಂತೆ ನೋಡಿದಳು. ಆಮೇಲೆ ಬಾಗಿಲು ದಾಟಿ ಹೊರಟುಹೋದಳು. ಅವಳು ಬೈದಿದ್ದರೆ, ಹೊಡೆದಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದ. ಆ ನೋಟ ತಡೆಯಲಾಗಲಿಲ್ಲ. ಇಬ್ಬರು ಹಿಡಿದು ಬೆಂಚಿನ ಮೇಲೆ ಕೂರಿಸಬೇಕಾಯಿತು.

ಮರುದಿನ ಗಾರೆಯಕ್ಕ ಗೋಡೆಯ ಕೆಲಸಕ್ಕೆ ಇಳಿದಳು. ಒಣಗಿದ್ದನ್ನು ಕೆರೆದರೆ ಧೂಳೆದ್ದು ನಿಲ್ದಾಣದ ಜನರ ಮೂಗಿಗೆ ಹೋಗುತ್ತದೆ. ಅದಕ್ಕೇ ಸುತ್ತ ತಾಡಪಾಲು ಕಟ್ಟಿಸಿ, ಬಾಯಿ ಮೂಗಿಗೆ ಲ್ಯಾಬಿನವರು ಕೊಟ್ಟ ಮಾಸ್ಕು ಹಾಕಿಕೊಂಡು, ಗೋಡೆಯನ್ನು ಚೆನ್ನಾಗಿ ನೆನೆಸಿದಳು. ನೆಂದ ಗಾರೆ ಕರಣೆಗೆ ಬೆಣ್ಣೆಯಂತೆ ಎದ್ದು ಬಂತು. ಒಂದೊಂದು ಅಂಗೈಯನ್ನೂ ಅವಳೇ ಕೆರೆದಳು. ಮೇಡಂ ಸಹಾಯಕ್ಕೆ ಬಂದವರು ಎರಡು ಮೊಳ ಕೆರೆದು ಕರಣೆ ಕೆಳಗಿಟ್ಟುಬಿಟ್ಟರು. ಗಾರೆಯಕ್ಕ ತಾನೇ ಎಷ್ಟು ಪ್ರೀತಿಯಿಂದ ಹದ ಹಾಕಿದ ಕೆಲಸ! ಉದುರದ ಹಾಗೆ ಕಲಸುತ್ತೇನೆಂದು ಮಾತು ಕೊಟ್ಟಿದ್ದಳು. ಈಗ ಅದು ಉದುರಲು ಒಪ್ಪದೆ ಅಲ್ಲಲ್ಲಿ ಕಚ್ಚಿ ಹಿಡಿದಿತ್ತು. ಸಂಜೆಯ ಹೊತ್ತಿಗೆ ಗುಡ್ಡದ ತಪ್ಪಲು ಬೋಳು ಸಿಮೆಂಟಾಯಿತು. ಕೆರೆದದ್ದನ್ನೆಲ್ಲ ಮುಚ್ಚಳದ ಪೀಪಾಯಿಗೆ ತುಂಬಿ, ಲ್ಯಾಬಿನವರ ಕಣ್ಣೆದುರೇ ಸೀಲು ಹಾಕಿಸಿದಳು.

ಕೈ ಕಾಲು ತೊಳೆದು ಅವಳು ತಾಡಪಾಲಿನಿಂದ ಹೊರಗೆ ಬಂದಾಗ ಅಪ್ಪ ನಿಲ್ದಾಣದ ಬೆಂಚಿನ ಮೇಲೆ ಕಾದು ಕುಳಿತಿದ್ದ. ಸಭೆಯಾದ ಮೇಲೆ ಅವರಿಬ್ಬರೂ ಮಾತಾಡಿರಲಿಲ್ಲ. ಅವನು ಊಟ ಮಾಡಿದ್ದನೋ ಇಲ್ಲವೋ ಎಂದು ಅವಳಿಗೆ ಗೊತ್ತಿರಲಿಲ್ಲ.

"ಕೂತ್ಕೋ," ಅಂದ.

ಅವಳು ನಿಂತೇ ಇದ್ದಳು.

"ನಮ್ಮ ಬೀದಿ ಒಂದೇ ಅಲ್ಲ ಕಣೇ."

"ಏನು?"

"ಎಂಟು ವರ್ಷ ಆ ಗುಂಡಿ ಖಾಲಿ ಮಾಡಿದೀನಿ ನಾನು. ಅಷ್ಟನ್ನೂ ನಮ್ಮ ಬೀದಿ ನುಂಗುತ್ತಾ? ಎಲ್ಲೆಲ್ಲಿ ತಗ್ಗು ಇತ್ತೋ, ಯಾರ್ಯಾರು ಕೇಳಿದ್ರೋ, ಅಲ್ಲೆಲ್ಲ ಸುರಿದಿದೀನಿ. ಹೊಲ ಒಂದು ಬಿಟ್ಟು."

ಗಾರೆಯಕ್ಕ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಳು. ಎದುರಿಗೆ ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ಜನ ಇಳಿಯುತ್ತಿದ್ದರು, ಮಕ್ಕಳ ಕೈ ಹಿಡಿದುಕೊಂಡು ತಂತಮ್ಮ ಬೀದಿಗಳಿಗೆ ನಡೆಯುತ್ತಿದ್ದರು.

"ಜಾಗ ನೆನಪಿದೆಯಾ?"

"ಲಾರಿ ಓಡಿಸಿದೋನಿಗೆ ದಾರಿ ಮರೆಯುತ್ತಾ?" ಅಂದ ಅಪ್ಪ. ಎಂದಿನ ಜಂಬದ ಮಾತು. ದನಿಯಲ್ಲಿ ಜಂಬದ ಸುಳಿವೂ ಇರಲಿಲ್ಲ. "ಹನ್ನೊಂದು ಕಡೆ. ಕಣ್ಣು ಮುಚ್ಚಿ ತೋರಿಸ್ತೀನಿ. ನಾನು ಸಾಯೋದ್ರೊಳಗೆ ಕರ್ಕೊಂಡು ಹೋಗು. ನಾನು ಹೋದ್ಮೇಲೆ ಇದು ಯಾರಿಗೂ ಗೊತ್ತಾಗಲ್ಲ."

ಮರುದಿನ ಬೆಳಿಗ್ಗೆ ಹತ್ತಕ್ಕೆ ಪುರಸಭೆಯ ಜೀಪು ಹೊರಟಿತು. ಮುಂದೆ ಡ್ರೈವರನ ಪಕ್ಕ ಅಪ್ಪ. ಹಿಂದೆ ಎಂಜಿನಿಯರು, ಲ್ಯಾಬಿನವರು, ಗಾರೆಯಕ್ಕ. ವಾರ್ನಿಷಿನ ಮಾತಾಡಿದ್ದ ಎಂಜಿನಿಯರು ಈಗ ತೊಡೆಯ ಮೇಲೆ ಊರಿನ ನಕ್ಷೆ ಹರಡಿಕೊಂಡು ಪೆನ್ನು ಹಿಡಿದಿದ್ದರು. ಅಪ್ಪ "ಎಡಕ್ಕೆ", "ಸ್ವಲ್ಪ ಮುಂದೆ", "ಇಲ್ಲಿ" ಎಂದಷ್ಟೇ ಹೇಳುತ್ತಿದ್ದ. ಮರದ ಮಿಲ್ಲಿನ ಹಿಂದಿನ ಖಾಲಿ ಸೈಟು. ಈಗ ಎರಡಂತಸ್ತಿನ ಮನೆ ಎದ್ದಿರುವ ಒಂದು ಮೂಲೆ. ಹಳೆಯ ಬಾವಿಯೊಂದನ್ನು ಮುಚ್ಚಿದ ಜಾಗ. ಪ್ರತಿ ಕಡೆಯೂ ಲ್ಯಾಬಿನವರು ಇಳಿದು, ಕೈಗವಸು ಹಾಕಿ, ಮೇಲಿನ ಹುಲ್ಲು ಸರಿಸಿ ಒಂದು ಸಲ ಸಲಿಕೆ ಊರುತ್ತಿದ್ದರು. ಪ್ರತಿ ಕಡೆಯೂ ಕಿತ್ತಳೆ.

ಆರನೆಯ ಜಾಗಕ್ಕೆ ತಿರುಗುವಾಗ ಗಾರೆಯಕ್ಕ ರಸ್ತೆಯ ಗುರುತು ಹಿಡಿದಳು.

"ಅಪ್ಪ, ಈ ಕಡೆ ಯಾಕೆ? ಈ ಕಡೆ ಶಾಲೆ ಇರೋದು."

ಅಪ್ಪ ಹಿಂದಿರುಗಿ ನೋಡಲಿಲ್ಲ. "ಶಾಲೆ ಆಮೇಲೆ ಬಂದಿದ್ದು," ಅಂದ.

ಜೀಪು ಆಟದ ಮೈದಾನದ ಬೇಲಿಯ ಪಕ್ಕ ನಿಂತಿತು. ಒಳಗೆ ಎರಡು ತರಗತಿಯ ಮಕ್ಕಳು ಚೆಂಡು ಒದೆಯುತ್ತಿದ್ದರು. ಹುಲ್ಲೆಲ್ಲ ಸವೆದು ಹೋದ ಮೈದಾನ. ಗೋಲಿನ ಎದುರು, ಹೆಚ್ಚು ಕಾಲಾಡಿದ ಕಡೆ, ನೆಲ ಬಿರಿದು ಒಳಗಿನ ಬಣ್ಣ ಮೇಲಕ್ಕೆ ಬಂದಿತ್ತು. ಬಿದ್ದೆದ್ದ ಮಕ್ಕಳ ಮೊಣಕಾಲುಗಳಿಗೂ ಅದೇ ಬಣ್ಣ. ಅವಳು ಈ ಬೇಲಿಯ ಹೊರಗೆ ನಿಂತು ಎಷ್ಟು ಸಲ ಪುಟ್ಟಿಗಾಗಿ ಕಾದಿದ್ದಳೋ. ಕಣ್ಣಿಗೆ ಕಂಡೇ ಇರಲಿಲ್ಲ.

"ಎಷ್ಟು ಲೋಡು ಇಲ್ಲಿ?" ಎಂದು ಎಂಜಿನಿಯರು ಕೇಳಿದರು. ಅವರ ಮಗನೂ ಇದೇ ಶಾಲೆಯಲ್ಲಿದ್ದಾನೆಂದು ಗಾರೆಯಕ್ಕನಿಗೆ ಆಮೇಲೆ ತಿಳಿಯಿತು.

"ಇಲ್ಲೇ ಹೆಚ್ಚು," ಅಂದ ಅಪ್ಪ.

ಸಲಿಕೆ ತರಲು ಕೂಡ ಯಾರೂ ಏಳಲಿಲ್ಲ. ಗಾರೆಯಕ್ಕ ಜೀಪಿನಿಂದ ಧುಮುಕಿ, ಗೇಟು ತಳ್ಳಿಕೊಂಡು, ಮೈದಾನದ ನಡುವಿಗೆ ಓಡಿದಳು. ಎರಡೂ ಕೈ ಮೇಲೆತ್ತಿ, ಗಂಟಲು ಹರಿಯುವಂತೆ ಕೂಗಿದಳು:

"ಆಟ ನಿಲ್ಲಿಸಿ! ಎಲ್ರೂ ಒಳಗೆ ಹೋಗಿ ಕೈ ತೊಳ್ಕೊಳ್ಳಿ, ಎಲ್ರೂ!"

ಮಕ್ಕಳು ನಿಂತಲ್ಲೇ ನಿಂತು ಅವಳನ್ನೇ ಪಿಳಿಪಿಳಿ ನೋಡಿದರು. ಚೆಂಡು ತನ್ನಷ್ಟಕ್ಕೆ ಉರುಳಿಕೊಂಡು ಹೋಗಿ ಬೇಲಿಗೆ ತಾಗಿ ನಿಂತಿತು.